ನೆಲವೂ ನಕಾಶೆಯೂ

ನಾಡಿನ ಸಂಪತ್ತಿನಲ್ಲಿ ಕಳೆದುಹೋದರೂ ಮರಳಿ ಗಳಿಸಬಹುದಾದವು ಕೆಲವು. ಎಂದಿಗೂ ಗಳಿಸಲಾರದವು ಕೆಲವು. ಹಣವು ಹೋದರೆ ಬಂದೀತು, ಮನೆಯು ಬಿದ್ದರೆ ಕಟ್ಟಲಾದೀತು. ಆದರೆ ಸಾವಿರಾರು ವರ್ಷಗಳ ಬಿಸಿಲು ಮಳೆಗಳಿಗೆ ಕರಿಕಲ್ಲು ಕರಗಿ ಸಿದ್ಧವಾದ ಎರೆಮಣ್ಣಿನ ಮೇಲೆ ಒಮ್ಮೆ ಕಾಂಕ್ರೀಟು ಬಿದ್ದಿತೆಂದರೆ, ಆ ಹೊಲದಲ್ಲಿ ಜೋಳದ ತೆನೆ ತೂಗುವ ಕಾಲವು ಮತ್ತೆ ಬರಲಾರದು. ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟಾ, ನೈರುತ್ಯಕ್ಕಿರುವ ಬಬಲೇಶ್ವರ, ಈ ಮೂರು ಭಾಗಗಳಲ್ಲಿಯೂ ಯಾವ ನೆಲವು ಯಾವ ಕೆಲಸಕ್ಕೆ ಸಲ್ಲಬೇಕೆಂಬ ಪ್ರಶ್ನೆಯು ಇಂದು ದಿನದಿನವೂ ಇತ್ಯರ್ಥವಾಗುತ್ತಲಿದೆ. ಇತ್ಯರ್ಥವಾಗುತ್ತಿರುವದು ವಿಚಾರದಿಂದಲ್ಲ, ಎಕರೆಯ ಪೇಟೆದರದಿಂದ ಎಂಬದೇ ನಮ್ಮ ಚಿಂತೆಗೆ ಕಾರಣ.

2011ರ ಜನಗಣತಿಯಲ್ಲಿ ವಿಜಯಪುರ ನಗರದ ಜನಸಂಖ್ಯೆಯು ಸುಮಾರು 3.27 ಲಕ್ಷವಿದ್ದಿತು. ಅಂದಿನಿಂದ ನಗರವು ಸೋಲಾಪುರ, ಅಥಣಿ, ಜಮಖಂಡಿಗಳ ರಸ್ತೆಗಳ ಗುಂಟ ಕೈಚಾಚಿ ಬೆಳೆದಿದೆ. 2017ರ ರಾಜ್ಯದ ಆಯವ್ಯಯದಲ್ಲಿ ಘೋಷಿತವಾದ 49 ಹೊಸ ತಾಲೂಕುಗಳಲ್ಲಿ ತಿಕೋಟಾ, ಬಬಲೇಶ್ವರಗಳೂ ಸೇರಿದ್ದವು. ತಾಲೂಕಿನ ಠಾಣೆಯಾದ ಊರಿಗೆ ಕಚೇರಿಗಳು ಬರುವವು, ಅಂಗಡಿಗಳು ಬರುವವು, ಅವುಗಳ ಬೆನ್ನಹಿಂದೆ ನಿವೇಶನಗಳು ಬರುವವು. ವ್ಯವಸಾಯಗಾರರಲ್ಲದವರು ಸಾಗುವಳಿಯ ಜಮೀನು ಕೊಳ್ಳಬಾರದೆಂದು ಇದ್ದ ತಡೆಯನ್ನು 2020ರ ಭೂಸುಧಾರಣಾ ತಿದ್ದುಪಡಿಯು ತೆಗೆದುಹಾಕಿದ ಮೇಲೆ ಹೊಲವು ಹೆಚ್ಚು ಸುಲಭವಾಗಿ ಕೈಬದಲಾಗುವ ಸರಕಾಗಿದೆ. ಬೆಳವಣಿಗೆಯನ್ನು ನಾವು ಬೇಡವೆನ್ನುವದಿಲ್ಲ. ಬೆಳೆಯುವ ಊರಿಗೆ ಮನೆ ಬೇಕು, ಶಾಲೆ ಬೇಕು, ಕಾರಖಾನೆಯೂ ಬೇಕು. ಆದರೆ ಅವನ್ನು ಕಟ್ಟಲು ಮಡ್ಡಿಯ ನೆಲವು ಪಕ್ಕದಲ್ಲಿಯೇ ಇರುವಾಗ ಆಳವಾದ ಎರೆಹೊಲವನ್ನೇ ಏಕೆ ಬಲಿಗೊಡಬೇಕು?

ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಸಾಧನವು ನಮ್ಮಲ್ಲಿಯೇ ಇದೆ. ಕರ್ನಾಟಕದಲ್ಲಿ ದೂರಸಂವೇದನೆಯ ಕೇಂದ್ರವು 1986ರಲ್ಲಿಯೇ ಸ್ಥಾಪಿತವಾಯಿತು. 1988ರ ಮಾರ್ಚ್ 17ರಂದು ಪ್ರಾಯೋಗಿಕ ಹಂತವನ್ನು ದಾಟಿದ ಭಾರತದ ಮೊದಲನೆಯ ಪೂರ್ಣಪ್ರಮಾಣದ ದೂರಸಂವೇದಿ ಉಪಗ್ರಹವು ಕಕ್ಷೆಯನ್ನೇರಿತು. 2009ರಿಂದ ಭಾರತದ ಬಾಹ್ಯಾಕಾಶ ಸಂಸ್ಥೆಯ ‘ಭುವನ’ ತಾಣದಲ್ಲಿ ನಾಡಿನ ನೆಲದ ಚಿತ್ರಗಳು ಯಾರಿಗಾದರೂ ದೊರೆಯುತ್ತವೆ. ಯುರೋಪಿನ ಜೋಡಿ ಉಪಗ್ರಹಗಳು ಹತ್ತು ಮೀಟರಿನಷ್ಟು ಸೂಕ್ಷ್ಮವಾಗಿ, ಐದು ದಿನಗಳಿಗೊಮ್ಮೆ, ತೆಗೆಯುವ ಚಿತ್ರಗಳಿಗೆ ಬೆಲೆಯೇ ಇಲ್ಲ. ಕಂದಾಯ ಇಲಾಖೆಯ ‘ದಿಶಾಂಕ್’ 2018ರಿಂದ ಕೈಯೊಳಗಿನ ಫೋನಿನಲ್ಲಿಯೇ ನಿಂತ ನೆಲದ ಸರ್ವೆ ನಂಬರನ್ನು ತೋರಿಸುತ್ತದೆ. ‘ಸುಜಲ’ ಯೋಜನೆಯ ಮೂರನೆಯ ಹಂತದಲ್ಲಿ ರಾಜ್ಯದ ಅನೇಕ ಜಲಾನಯನಗಳ ಮಣ್ಣನ್ನು 1:7,920ರ ಪ್ರಮಾಣದಲ್ಲಿ, ಎಂದರೆ ಎಂಟು ಇಂಚಿಗೆ ಒಂದು ಮೈಲಿನ ಲೆಕ್ಕದಲ್ಲಿ, ಹೊಲಹೊಲಕ್ಕೆ ಹೋಗಿ ಗುರುತಿಸಿರುವರು. ಸಾಧನಗಳ ಕೊರತೆಯೆಂಬ ನೆವವು ಇನ್ನು ನಡೆಯುವಂತಿಲ್ಲ.

ಈ ವಿದ್ಯೆಯ ಮರ್ಮವು ಬಹು ಸರಳವಾದದ್ದು. ನೀರು, ಮಣ್ಣು, ಎಲೆ, ಮಾಳಿಗೆ, ಇವು ಸೂರ್ಯನ ಬೆಳಕನ್ನು ಒಂದೊಂದು ಬಗೆಯಿಂದ ಹಿಂದಿರುಗಿಸುತ್ತವೆ. ಹಸಿರೆಲೆಯು ಕೆಂಪು ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೊರಚೆಲ್ಲುವದು. ಎರಡರ ಅಂತರವನ್ನು ಲೆಕ್ಕ ಹಾಕಿದರೆ ಬೆಳೆಯ ಆರೋಗ್ಯವು ತಿಳಿಯುವದು. ಇಪ್ಪತ್ತು ಮೂವತ್ತು ವರ್ಷಗಳ ಚಿತ್ರಗಳನ್ನು ಸಾಲಾಗಿಟ್ಟರೆ ಊರು ಯಾವ ದಿಕ್ಕಿಗೆ ಎಷ್ಟು ಹರಿಯಿತೆಂಬದು ಕಾಣುವದು. ಅವುಗಳ ಮೇಲೆ ಮಣ್ಣಿನ ಆಳ, ನೆಲದ ಇಳಿಜಾರು, ಹಳ್ಳದ ದಾರಿ, ಅಂತರ್ಜಲದ ಮಟ್ಟ, ರಸ್ತೆ, ಇವುಗಳ ನಕಾಶೆಗಳನ್ನು ಒಂದರ ಮೇಲೊಂದಾಗಿ ಹಾಸಿ, ಒಂದೊಂದಕ್ಕೆ ತಕ್ಕ ತೂಕವನ್ನು ಕೊಟ್ಟು ಗಣಿತ ಮಾಡಿದರೆ, ಈ ನೆಲವು ಬೆಳೆಗೆ ಯೋಗ್ಯ, ಇದು ವಸತಿಗೆ, ಇದು ನೀರಿಂಗಿಸಲಿಕ್ಕೆ ಎಂಬ ವಿಂಗಡಣೆಯು ದೊರೆಯುವದು. ಈಗಿನ ನಡೆಯೇ ಮುಂದುವರಿದರೆ ಇಪ್ಪತ್ತು ವರ್ಷಗಳ ಮೇಲೆ ಏನಾದೀತೆಂಬದನ್ನೂ ಇದೇ ಗಣಿತವು ಮುನ್ನ ತೋರಿಸಬಲ್ಲದು.

ಮಣ್ಣನ್ನು ಅಳೆಯುವ ಕೆಲಸವು ನಮ್ಮ ಭಾಗಕ್ಕೆ ಹೊಸತಲ್ಲ. ಮುಂಬಯಿ ಇಲಾಖೆಯ ಪರಕೀಯ ಸರಕಾರವು 1847ರ ಜಂಟಿ ವರದಿಯ ಪ್ರಕಾರ ಮಣ್ಣಿನ ಆಳವನ್ನೂ ಬಣ್ಣವನ್ನೂ ನೋಡಿ, ಹೊಲಕ್ಕೆ ಆಣೆಗಳಲ್ಲಿ ಯೋಗ್ಯತೆಯನ್ನು ಕಟ್ಟಿತು. ಆದರೆ ಅದರ ಉದ್ದೇಶವು ಕಂದಾಯದ ವಸೂಲಿ. 1876-78ರ ಭೀಕರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯ ಜನರು ಹುಳುಗಳಂತೆ ಸತ್ತಾಗ ಆ ಅಳತೆಯು ಯಾರ ಹೊಟ್ಟೆಯನ್ನೂ ತುಂಬಲಿಲ್ಲ. ಈಗ ಅಳೆಯುವವರು ನಾವೇ, ಅಳತೆಯ ಫಲವನ್ನು ಉಣ್ಣಬೇಕಾದವರೂ ನಾವೇ. ಆದುದರಿಂದ ಉದ್ದೇಶವೂ ಬೇರೆಯಾಗಿರತಕ್ಕದ್ದು.

ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಮಾತು ನಮ್ಮಲ್ಲಿ ಮನೆಮಾತಾಗಿದೆ. ಜತ್ತ ಭಾಗದಿಂದ ಹರಿದು ಬಂದು, ಬಬಲೇಶ್ವರ ತಾಲೂಕಿನ ಸಾರವಾಡವನ್ನು ದಾಟಿ, ತಾಳಿಕೋಟೆಯ ಕಡೆಗೆ ಸಾಗಿ ಕೃಷ್ಣೆಯನ್ನು ಸೇರುವ ಈ ಹೊಳೆಯ ನೀರು ಉಪ್ಪು. ಆದರೆ ಅದರ ದಂಡೆಯ ಎರೆಯು ಬಂಗಾರ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ, ನೀರಾವರಿಯ ಹಂಗಿಲ್ಲದೆ, ಬಿಳಿಜೋಳ ಕಡಲೆಗಳನ್ನು ಕೊಡುವ ಶಕ್ತಿಯು ಆ ಮಣ್ಣು ಹಿಡಿದಿಟ್ಟ ಹಸಿಯಲ್ಲಿದೆ. ತಿಕೋಟಾದ ಕಡೆಗೆ ಬಂದರೆ ತೆಳುಮಣ್ಣಿನ ಮಡ್ಡಿಗಳನ್ನೇ ಒಕ್ಕಲುಮಕ್ಕಳು ಬೆವರು ಸುರಿಸಿ ದ್ರಾಕ್ಷಿಯ ತೋಟಗಳನ್ನಾಗಿ ಮಾಡಿರುವರು. ಆದರೆ ಆ ದ್ರಾಕ್ಷಿಯು ನಿಂತಿರುವದು ಕೊಳವೆಬಾವಿಗಳ ಮೇಲೆ. ಬರದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ತಂದು ಬಳ್ಳಿಗಳನ್ನು ಉಳಿಸಿಕೊಂಡ ಕಷ್ಟವನ್ನು ತಿಕೋಟಾದ ಬೆಳೆಗಾರರೇ ಬಲ್ಲರು. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳ ಮೂಲಕ ಕೃಷ್ಣೆಯ ನೀರು ಬಂದಿರುವದು ದೊಡ್ಡ ಭಾಗ್ಯವೇ ಸರಿ. ಆದರೆ ಆಳವಾದ ಎರೆಗೆ ಮಿತಿಮೀರಿ ನೀರುಣಿಸಿ, ಬಸಿದುಹೋಗಲು ದಾರಿ ಮಾಡದೆ ಬಿಟ್ಟರೆ, ಆ ನೆಲವು ಕೆಲವೇ ವರ್ಷಗಳಲ್ಲಿ ಸವುಳು ಜವುಳಾಗುವದೆಂಬದನ್ನು ಕೃಷ್ಣಾ ಕಣಿವೆಯ ಅನೇಕ ಊರುಗಳು ನೋವುಂಡು ಕಲಿತಿವೆ. ನೀರು ಯಾವ ಮಣ್ಣಿಗೆ ಎಷ್ಟು ಎಂಬದನ್ನು ಕಾಲುವೆಯ ನೀರು ಹರಿಯುವ ಮುಂಚೆಯೇ ಹೇಳಬಲ್ಲ ನಕಾಶೆಯು ಇಲ್ಲಿ ಔಷಧದಷ್ಟೇ ಅವಶ್ಯ.

ನಗರದ ಮಟ್ಟಿಗೂ ಇದೇ ಮಾತು. ತೊರವಿಯ ಕಡೆಯಿಂದಲೂ, 1651ರಲ್ಲಿ ಕಟ್ಟಿಸಿದ ಬೇಗಂ ತಲಾಬದಿಂದಲೂ ನೆಲದೊಳಗಿನ ಸುರಂಗ ಕೊಳವೆಗಳ ಮೂಲಕ ನೀರನ್ನು ತಂದು, ಎತ್ತರದ ಗಂಜುಗಳಲ್ಲಿ ಅದರ ಒತ್ತಡವನ್ನು ಹದಗೊಳಿಸಿ, ಬಾವಿ ಕಾರಂಜಿಗಳಿಗೆ ಹಂಚಿದ ಆದಿಲಶಾಹಿಯ ಶಿಲ್ಪಿಗಳು ನೆಲದ ಇಳಿಜಾರನ್ನು ಓದಿಯೇ ಊರು ಕಟ್ಟಿದರು. ಉಪಗ್ರಹವಿಲ್ಲದೆ ಅವರು ಓದಿದ ಪಾಠವನ್ನು ಉಪಗ್ರಹವಿದ್ದೂ ನಾವು ಓದದಿದ್ದರೆ ನಾಚಿಕೆಗೇಡು. ಅಥಣಿಯ ರಸ್ತೆಗುಂಟ ತೊರವಿಯತ್ತ ಹಬ್ಬುವ ಬಡಾವಣೆಗಳು ಇದೇ ಜಲಮೂಲಗಳ ಸರಹದ್ದಿನಲ್ಲಿವೆ ಎಂಬದನ್ನು ಯೋಜಕರು ಮರೆಯಬಾರದು. ಹಳ್ಳವನ್ನು ಮುಚ್ಚಿ ಕಟ್ಟಿದ ಮನೆಯೊಳಗೆ ಮಳೆಗಾಲದಲ್ಲಿ ಹಳ್ಳವೇ ಹೊಕ್ಕರೆ ಅದು ದೈವದ ಮುನಿಸಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ನಮ್ಮ ಕರ್ತವ್ಯವು ಅರ್ಧವಾಗುವದು. ಆಕಾಶದ ಕಣ್ಣು ಕಂಡದ್ದೆಲ್ಲ ಸತ್ಯವಲ್ಲ. ನಮ್ಮದು ಮುಖ್ಯವಾಗಿ ಹಿಂಗಾರಿಯ ಸೀಮೆ. ಒಕ್ಕಲಿಗನು ಮುಂಗಾರಿನಲ್ಲಿ ಎರೆಹೊಲವನ್ನು ಹರಗಿ, ಹಸಿ ಕೂಡಿಸಿ, ಖಾಲಿ ಬಿಟ್ಟು, ಸಪ್ಟೆಂಬರ ಅಕ್ಟೋಬರಗಳಲ್ಲಿ ಬಿತ್ತುವನು. ಆಗಸ್ಟ್ ತಿಂಗಳಿನ ಒಂದೇ ಚಿತ್ರವನ್ನು ನೋಡಿದ ಯಂತ್ರವು ಜಿಲ್ಲೆಯ ಅತ್ಯುತ್ತಮ ನೆಲವನ್ನು ‘ಪಡ’ ಎಂದು ಬರೆದುಬಿಟ್ಟೀತು. ಪಡ ಬಿದ್ದ ನೆಲವೆಂದು ಕಾಗದವಾದ ಮೇಲೆ ಅದನ್ನು ಬಿನಶೇತಕಿ ಮಾಡಲು ಯಾರೂ ಹಿಂಜರಿಯರು. ಹಳ್ಳದ ದಂಡೆಯ ಜಾಲಿಕಂಟಿಯು ಯಂತ್ರಕ್ಕೆ ಸೊಂಪಾದ ಹಸಿರಾಗಿ ಕಾಣಬಹುದು. ಒಣದ್ರಾಕ್ಷಿಯ ಶೆಡ್ಡು ಕಾರಖಾನೆಯಾಗಿ ಕಾಣಬಹುದು. ನೆಲದೊಳಗಿನ ಹಳೆಯ ಸುರಂಗವಂತೂ ಕಾಣುವದೇ ಇಲ್ಲ. ಆದುದರಿಂದ ಮುಂಗಾರು, ಹಿಂಗಾರು, ಬೇಸಿಗೆ, ಈ ಮೂರು ಕಾಲದ ಚಿತ್ರಗಳನ್ನೂ ಕೂಡಿಸಿ ನೋಡಬೇಕು. ನೋಡಿದ್ದನ್ನು ಹೊಲದಲ್ಲಿ ನಿಂತು, ಆ ಹೊಲವನ್ನು ಉತ್ತವನ ಮಾತು ಕೇಳಿ ಒರೆಗೆ ಹಚ್ಚಬೇಕು.

ಗಣಿತದ ಮಾದರಿಗೂ ಇದೇ ಮಿತಿಯುಂಟು. ಅದು ನಿನ್ನೆಯ ನಡೆಯನ್ನು ನಾಳೆಗೆ ಚಾಚುವದು. ಇಂಥಲ್ಲಿ ಮನೆಗಳು ಏಳುವವೆಂದು ಅದು ತೋರಿಸಿದರೆ ಅದು ಆಜ್ಞೆಯಲ್ಲ, ಎಚ್ಚರಿಕೆ. ಜೋಳಕ್ಕೆ ಎಷ್ಟು ತೂಕ, ರಸ್ತೆಗೆ ಎಷ್ಟು, ನೀರಿಗೆ ಎಷ್ಟು ಎಂದು ನಿರ್ಣಯಿಸುವದು ಯಂತ್ರದ ಕೆಲಸವೇ ಅಲ್ಲ. ಅದು ಪ್ರಜೆಗಳ ಕೆಲಸ. ನಮ್ಮ ಸಂವಿಧಾನದ 243ನೆಯ ಝಡ್‌ಡಿ ವಿಧಿಯು ಪಂಚಾಯತಿಗಳಿಗೂ ನಗರಸಭೆಗಳಿಗೂ ಸಮಾನವಾದ ನೆಲದ ಯೋಜನೆ, ನೀರಿನ ಹಂಚಿಕೆಗಳನ್ನು ವಿಚಾರಿಸುವ ಹೊಣೆಯನ್ನು ಜಿಲ್ಲಾ ಯೋಜನಾ ಸಮಿತಿಗೆ ಸ್ಪಷ್ಟವಾಗಿ ಒಪ್ಪಿಸಿದೆ. ಆ ಹೊಣೆಯನ್ನು ಹೊರಲು ನಕಾಶೆಗಿಂತ ಮಿಗಿಲಾದ ಸಾಧನವಿಲ್ಲ.

ಹೊಲ ಮಾರುವ ಒಕ್ಕಲಿಗನ ಕಷ್ಟವು ಪಟ್ಟಣದಲ್ಲಿ ಕುಳಿತು ಬರೆಯುವವರಿಗೆ ತಿಳಿಯದೆಂದು ಕೆಲವರು ಅಂದಾರು. ಅವರ ಮಾತಿನಲ್ಲಿ ಹುರುಳಿದೆ. ಸಾಲದಲ್ಲಿ ಬಿದ್ದವನಿಗೆ ನಾಡಿನ ಹಿತಕ್ಕಾಗಿ ನಿನ್ನ ಹೊಲವನ್ನು ಮಾರಬೇಡವೆಂದು ಬರಿಯ ಉಪದೇಶ ಮಾಡುವದು ಅನ್ಯಾಯ. ಎರೆಯನ್ನು ಎರೆಯಾಗಿ ಉಳಿಸುವದು ಎಲ್ಲರ ಹಿತವಾಗಿದ್ದರೆ ಅದರ ಭಾರವನ್ನೂ ಎಲ್ಲರೂ ಹೊರತಕ್ಕದ್ದು. ಬೆಳೆಗೆಂದು ಗುರುತಾದ ನೆಲಕ್ಕೆ ನೀರಿನಲ್ಲಿ, ಸಾಲದಲ್ಲಿ, ಬೆಳೆಯ ಬೆಲೆಯಲ್ಲಿ ಮೊದಲ ಮನ್ನಣೆ ದೊರೆಯಬೇಕು. ನಗರದ ಬೆಳವಣಿಗೆಯಿಂದ ಹುಟ್ಟುವ ಲಾಭದಲ್ಲಿ ಒಂದು ಪಾಲು ಅದರ ಒಡೆಯನಿಗೆ ಸಲ್ಲಬೇಕು.

ನಾವು ಕೇಳುವದು ಹೆಚ್ಚಿನದಲ್ಲ. ಮೊದಲನೆಯದಾಗಿ, ನಗರಕ್ಕೊಂದು, ತಾಲೂಕಿಗೊಂದು ಎಂದು ಬೇರೆ ಬೇರೆ ಯೋಜನೆಗಳನ್ನು ಮಾಡದೆ, ಹಳ್ಳ ಹೊಳೆಗಳ ಹರಿವನ್ನೇ ಎಲ್ಲೆಯಾಗಿಟ್ಟು ಮೂರಕ್ಕೂ ಒಂದೇ ನಕಾಶೆ ಸಿದ್ಧವಾಗಲಿ. ಎರಡನೆಯದಾಗಿ, ಆ ನಕಾಶೆಯು ಸರ್ವೆ ನಂಬರುಗಳೊಡನೆ, ತಿಳಿಗನ್ನಡದಲ್ಲಿ, ಪ್ರತಿಯೊಂದು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ತೂಗಲಿ. ಗ್ರಾಮಸಭೆಯು ಅದನ್ನು ತಿದ್ದುವ ಅಧಿಕಾರವನ್ನು ಪಡೆಯಲಿ. ಮೂರನೆಯದಾಗಿ, ಯಾವ ಜಮೀನನ್ನೇ ಆಗಲಿ ಬಿನಶೇತಕಿ ಮಾಡುವ ಮುಂಚೆ ಅದರ ಮಣ್ಣಿನ ಆಳವನ್ನೂ, ಹಳ್ಳದ ದಾರಿಯನ್ನೂ ನಕಾಶೆಯಲ್ಲಿ ನೋಡಿ, ಕಾರಣವನ್ನು ಬರೆದು ಪ್ರಕಟಿಸುವದು ಕಡ್ಡಾಯವಾಗಲಿ.

ಅಧಿಕಾರಿಗಳ ಕಪಾಟಿನಲ್ಲಿರುವ ನಕಾಶೆಯು ಬಣ್ಣದ ಕಾಗದ ಮಾತ್ರ. ಅದು ಚಾವಡಿಗೆ ಬಂದು, ಒಕ್ಕಲಿಗನು ತನ್ನ ಹೊಲದ ಮೇಲೆ ಬೆರಳಿಟ್ಟು ಇದು ನನ್ನದು, ಇದು ಹೀಗೆಯೇ ಇರಲಿ ಎಂದು ಹೇಳುವಂತಾದಾಗಲೇ ಅದಕ್ಕೆ ಜೀವ ಬರುವದು. ಜಿಲ್ಲೆಯ ಪ್ರತಿನಿಧಿಗಳೂ ಅಧಿಕಾರಿಗಳೂ ಈ ಕೆಲಸವನ್ನು ಮುಂದಿನ ಹಿಂಗಾರಿಯ ಬಿತ್ತಿಗೆಗಿಂತ ಮೊದಲೇ ಕೈಕೊಳ್ಳಬೇಕೆಂದು ನಮ್ಮ ಆಗ್ರಹ. ತಡಮಾಡಿದ ಪ್ರತಿಯೊಂದು ಹಂಗಾಮಿನಲ್ಲಿಯೂ ಒಂದಿಷ್ಟು ಎರೆಯು ನಮ್ಮ ಕೈಬಿಟ್ಟು ಹೋಗುವದು; ಹೋದ ಎರೆಯನ್ನು ಯಾವ ಉಪಗ್ರಹವೂ ಹುಡುಕಿ ತಂದುಕೊಡಲಾರದು.