ಮೂವತ್ತು ದಿನದ ಲೆಕ್ಕ

ಗಡುವು ಎಂದರೇನೆಂದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರೆಂಟು ಬಿಲ್ಲು, ಮಗಳ ಪರೀಕ್ಷೆ ಶುಲ್ಕ, ಅಡವಿಟ್ಟ ಬಳೆಯ ಬಡ್ಡಿ, ಎಲ್ಲದರ ತಾರೀಖೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತಾಗಿರುತ್ತದೆ. ಸರ್ಕಾರ ಗಡುವು ಹಾಕುವುದಕ್ಕೆ ನನ್ನ ತಕರಾರಿಲ್ಲ. ಆ ಗಡುವು ಒಂದೇ ಕಡೆಯವರನ್ನು ಓಡಿಸುತ್ತದಲ್ಲ, ನನ್ನ ಸಿಟ್ಟು ಅದಕ್ಕೆ.

ಟೆಂಡರ್ ಎಂದ ಕೂಡಲೇ ನಮ್ಮಲ್ಲಿ ಅನೇಕರು ಪುಟ ತಿರುಗಿಸಿಬಿಡುತ್ತಾರೆ. ಜಲ್ಲಿ, ಸಿಮೆಂಟು, ಗಂಡಸರ ವ್ಯವಹಾರ! ಆದರೆ ಹಾಸ್ಟೆಲಿನ ಬೇಳೆ, ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಹಾಸಿಗೆ ಬಟ್ಟೆ ಬರುವುದೂ ಅದೇ ಬಾಗಿಲಿನಿಂದ. ಅಂಗನವಾಡಿಯ ಆಹಾರಕ್ಕೆ ಗುತ್ತಿಗೆದಾರರನ್ನು ಬಳಸಬಾರದು, ಆದಷ್ಟೂ ಸ್ವಸಹಾಯ ಗುಂಪುಗಳಿಗೆ, ಮಹಿಳಾ ಮಂಡಳಿಗಳಿಗೆ ಆ ಕೆಲಸ ವಹಿಸಬೇಕು ಎಂದು ಸುಪ್ರೀಂ ಕೋರ್ಟ್ 2004ರ ಅಕ್ಟೋಬರಿನಲ್ಲಿ ಆದೇಶಿಸಿತು. ಆ ಬಾಗಿಲ ಮುಂದೆ ನಾವೂ ನಿಂತಿದ್ದೇವೆ ಎಂದಾಯಿತು.

ನಮ್ಮಲ್ಲಿ ಇದಕ್ಕೊಂದು ಕಾಯ್ದೆ ಇದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999. (ಹೆಸರು ಓದುವಷ್ಟರಲ್ಲೇ ಅರ್ಧ ಗಡುವು ಮುಗಿದಂತಾಗುತ್ತದೆ!) ಅದರ 16ನೇ ಕಲಂ ಪ್ರಕಾರ, ಟೆಂಡರ್ ಕೈತಪ್ಪಿದವರು ಆದೇಶ ತಲುಪಿದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಕ್ಕ ಕಾರಣ ತೋರಿಸಿದರೆ, ಮೇಲಿನವರು ಮನಸ್ಸು ಮಾಡಿದರೆ, ಇನ್ನೂ 30 ದಿನದವರೆಗೆ ಅವಕಾಶ ಕೊಡಬಹುದು. ಸರ್ಕಾರವೇ ಟೆಂಡರ್ ಒಪ್ಪಿದ್ದರೆ ಆ ದಾರಿಯೂ ಇಲ್ಲ. ತಮಿಳುನಾಡಿನ 1998ರ ಕಾಯ್ದೆ ಕೊಟ್ಟದ್ದು ಬರೀ 10 ದಿನ. ಅದಕ್ಕೆ ಹೋಲಿಸಿದರೆ ನಮ್ಮದು ಉದಾರವಾದದ್ದೇ ಎಂದು ಯಾರಾದರೂ ಹೇಳಬಹುದು. ಕಾಗದದ ಮೇಲೆ ನಿಜ.

ನಮ್ಮ ಊರಿನ ಹೊಲಿಗೆ ಸಂಘದ ಹೆಂಗಸರು ಒಂದು ವಿದ್ಯಾರ್ಥಿನಿಲಯಕ್ಕೆ ಹೊದಿಕೆ, ದಿಂಬಿನ ಚೀಲ ಒದಗಿಸಲು ಟೆಂಡರ್ ಹಾಕಿದ್ದರು. ಅವರ ಕಾಗದಪತ್ರ ಬರೆದುಕೊಡುವವಳು ನಾನು. ಠೇವಣಿ ಹಣಕ್ಕೆ ಒಬ್ಬಾಕೆ ಸರ ಅಡವಿಟ್ಟಿದ್ದಳು. ಕಚೇರಿಯಿಂದ ಬಂದ ಹಿಂಬರಹದಲ್ಲಿ ಇದ್ದದ್ದು ಒಂದೇ ಸಾಲು: ನಿಮ್ಮ ಟೆಂಡರನ್ನು ತಿರಸ್ಕರಿಸಲಾಗಿದೆ. ಯಾಕೆಂದು ಕೇಳಲು ಹೋದರೆ ಗುಮಾಸ್ತರು, “ಫೈಲು ಸಾಹೇಬರ ಟೇಬಲ್ ಮೇಲಿದೆ ಅಮ್ಮಾ, ಸೋಮವಾರ ಬನ್ನಿ” ಎಂದರು. ಸೋಮವಾರ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಒಂಬತ್ತನೆಯ ದಿನ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಟ್ಟೆವು. 2005ರ ಆ ಕಾಯ್ದೆಯಲ್ಲಿ ಉತ್ತರಿಸಲು ಕಚೇರಿಗೆ ಇರುವ ಅವಧಿಯೂ 30 ದಿನವೇ. ನೀವೇ ಕೂಡಿಸಿ ನೋಡಿ. ಉತ್ತರ ನಮ್ಮ ಕೈಸೇರಿದ್ದು ಮೂವತ್ತೆಂಟನೆಯ ದಿನ! ಅನುಭವ ಪತ್ರ ಲಗತ್ತಿಸಿಲ್ಲ ಎಂಬುದು ಕಾರಣ. ಲಗತ್ತಿಸಿದ್ದೆವು, ಪುಟಸಂಖ್ಯೆ ಸಮೇತ. ತಡವಾದದ್ದಕ್ಕೆ ಕಾರಣ ಬರೆದು ಮೇಲ್ಮನವಿ ಕೊಟ್ಟೆವು. ವಿಚಾರಣೆಗೆ ಕರೆ ಬರುವ ಹೊತ್ತಿಗೆ ಬೇರೆಯವರು ಒದಗಿಸಿದ ಹೊದಿಕೆಗಳು ಎರಡು ಸಲ ಒಗೆತ ಕಂಡಿದ್ದವು. “ಇನ್ನೇನು ಮಾಡೋಕಾಗುತ್ತೆ ಮೇಡಂ?” ಎಂದರು ಅಲ್ಲಿ ಕೂತವರು.

ಏನು ಮಾಡಬಹುದಿತ್ತೆಂದು ಯುರೋಪಿನವರನ್ನು ಕೇಳಬೇಕು. 1996ರಲ್ಲಿ ಆಸ್ಟ್ರಿಯಾ ಸರ್ಕಾರ ತನ್ನ ಹೆದ್ದಾರಿಗಳ ಎಲೆಕ್ಟ್ರಾನಿಕ್ ವ್ಯವಸ್ಥೆಯ ಕೆಲಸವನ್ನು ಒಬ್ಬರಿಗೆ ಕೊಟ್ಟು ಅದೇ ದಿನ ಕರಾರಿಗೆ ಸಹಿ ಹಾಕಿತು. ಉಳಿದವರಿಗೆ ಗೊತ್ತಾದದ್ದು ಪತ್ರಿಕೆಗಳಿಂದ. ಹೀಗಾದರೆ ದೂರುವ ಹಕ್ಕಿಗೆ ಬೆಲೆ ಎಲ್ಲಿ ಎಂಬ ವ್ಯಾಜ್ಯ ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. ತೀರ್ಮಾನಕ್ಕೂ ಸಹಿಗೂ ನಡುವೆ, ದೂರು ಕೊಡಲು ಬಿಡುವಿರಲೇಬೇಕು ಎಂದು 1999ರಲ್ಲಿ ತೀರ್ಪಾಯಿತು. 2007ರಲ್ಲಿ ಅದೇ ನಿಯಮವಾಯಿತು: ತೀರ್ಮಾನವನ್ನು, ಕಾರಣಗಳ ಸಾರಾಂಶದೊಂದಿಗೆ, ಎಲ್ಲರಿಗೂ ಕಳಿಸಬೇಕು. ಕಂಪ್ಯೂಟರಿನಲ್ಲಿ ಕಳಿಸಿದರೆ ಕನಿಷ್ಠ 10 ದಿನ, ಅಂಚೆಯಲ್ಲಾದರೆ 15 ದಿನ, ಕರಾರಿಗೆ ಸಹಿ ಹಾಕುವಂತಿಲ್ಲ. ನಮ್ಮ 16ನೇ ಕಲಮಿನಲ್ಲಿ ಇಂಥ ತಡೆಯ ಮಾತೇ ಇಲ್ಲ. ನಮಗೆ 30 ದಿನ ಕೊಟ್ಟು ಅವರು ನಾಲ್ಕನೆಯ ದಿನವೇ ರುಜು ಹಾಕಿಕೊಳ್ಳಬಹುದಾದರೆ ಆ 30 ದಿನ ಯಾರ ಉದ್ಧಾರಕ್ಕೆ?

ಕೆಲಸ ನಿಂತುಹೋಗುತ್ತದೆ, ಮಕ್ಕಳು ಹೊದಿಕೆಯಿಲ್ಲದೆ ಮಲಗಬೇಕಾಗುತ್ತದೆ ಎನ್ನುತ್ತಾರೆ. ಮಕ್ಕಳ ಹೆಸರು ಹೇಳಿದರೆ ಹೆಂಗಸರು ಸುಮ್ಮನಾಗುತ್ತಾರೆಂದು ಅವರಿಗೆ ಗೊತ್ತು. ಆದರೆ ಹೊದಿಕೆ ಬೇಕೆಂಬುದು ಕಚೇರಿಗೆ ಹೋದ ಚಳಿಗಾಲದಲ್ಲೇ ತಿಳಿದಿತ್ತು. ಟಿಪ್ಪಣಿ ಬರೆಯಲು, ಮೇಜಿನಿಂದ ಮೇಜಿಗೆ ಕಡತ ಸಾಗಲು ತಿಂಗಳುಗಟ್ಟಲೆ ಹಿಡಿದಾಗ ಆ ಮಕ್ಕಳ ಚಳಿ ಯಾರಿಗೂ ನೆನಪಾಗಲಿಲ್ಲ. ನಮ್ಮ ದೂರಿಗೆ 10 ದಿನ ಕೇಳಿದಾಗ ಮಾತ್ರ ನೆನಪಾಯಿತು. ಇನ್ನು, ಕಾರಣ ತಿಳಿಸಲು ಪುರುಸೊತ್ತಿಲ್ಲ ಎಂಬ ಸಬೂಬು. ಟೆಂಡರ್ ಹಾಕುವಾಗ ಒಂದು ನಿಮಿಷ ತಡವಾದರೂ ಕಂಪ್ಯೂಟರು ಬಾಗಿಲು ಹಾಕಿಕೊಳ್ಳುತ್ತದೆ. ಅಷ್ಟು ಚುರುಕಾದ ಯಂತ್ರಕ್ಕೆ, ತಿರಸ್ಕರಿಸಿದ ದಿನವೇ ಕಾರಣದ ಒಂದು ಹಾಳೆ ಕಳಿಸಲು ಬಾರದೆ?

ಕಾಯ್ದೆ ತಿದ್ದಬೇಕಾದವರು ತಿದ್ದಲಿ. ಆದೇಶದ ಜೊತೆಗೇ ಕಾರಣ ಬರಲಿ, ಕಾರಣ ಕೈಸೇರಿದ ದಿನದಿಂದ 30 ದಿನ ಎಣಿಕೆಯಾಗಲಿ, ಮೊದಲ 10 ದಿನ ಸಾಹೇಬರ ಪೆನ್ನು ಜೇಬಿನಲ್ಲೇ ಇರಲಿ. ಅಲ್ಲಿಯವರೆಗೆ, ಟೆಂಡರ್ ಹಾಕುವ ಅಕ್ಕತಂಗಿಯರು ಹಿಂಬರಹ ಬಂದ ಲಕೋಟೆಯನ್ನು ಅಂಚೆ ಮುದ್ರೆ ಸಮೇತ ಜೋಪಾನ ಮಾಡಿ. ಕಾರಣ ಸಿಗಲೆಂದು ಕಾಯಬೇಡಿ. ‘ಕಾರಣ ತಿಳಿಸಿಲ್ಲ’ ಎಂಬುದನ್ನೇ ಮೊದಲ ತಕರಾರಾಗಿ ಬರೆದು, ಕೆಲಸದ ಆದೇಶಕ್ಕೆ ತಡೆ ಕೇಳಿ, ಆ ವಾರದಲ್ಲೇ ಮೇಲ್ಮನವಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.