ಹಿಂದಿನ ಆಸನ

ಸವಣೂರಿನ ವೀಳ್ಯದೆಲೆ, ಹಾನಗಲ್ಲಿನ ಮಾವು, ಹಿರೇಕೆರೂರಿನ ಗೋವಿನಜೋಳ ಇವೆಲ್ಲವೂ ಮಾರುಕಟ್ಟೆಯನ್ನು ಸೇರಬೇಕಾದರೆ ಚಕ್ರದ ಮೇಲೆ ಉರುಳಲೇಬೇಕು. ಹಿಂದೆ ಆ ಚಕ್ರವು ಚಕ್ಕಡಿಯದಾಗಿತ್ತು. ಈಗ ಚಕ್ಕಡಿಯ ಸ್ಥಾನವನ್ನು ಲಾರಿ, ಟೆಂಪೊಗಳು ಆಕ್ರಮಿಸಿವೆ. ಅವನ್ನು ಕೊಳ್ಳುವ ಶಕ್ತಿಯಿಲ್ಲದವರ ಪಾಲಿಗೆ ಹಳೆಯ ಓಮ್ನಿ ವ್ಯಾನೋ ಕಾರೋ ಒದಗಿಬರುತ್ತದೆ. ಕೆಲವು ಬೋಲ್ಟುಗಳನ್ನು ಬಿಚ್ಚಿದರೆ ಅದರ ಹಿಂದಿನ ಸೀಟು ಕೈಗೆ ಬರುತ್ತದೆ. ಸೀಟಿನ ಜೊತೆಗೆ ಬೆಲ್ಟುಗಳೂ ಹೋಗುತ್ತವೆ. ತೆರವಾದ ಜಾಗದಲ್ಲಿ ಏಳೆಂಟು ಚೀಲಗಳು ಹಿಡಿಸುತ್ತವೆ. "ಸೀಟು ಹೊಟ್ಟಿಗೆ ರೊಟ್ಟಿ ಕೊಡತೈತೇನ್ರಿ? ಕೊಡೋದು ಚೀಲ!" ಎಂದು ವಾದಿಸುವವರನ್ನು ನಮ್ಮ ಸಂತೆಗಳಲ್ಲಿ ಕಾಣಬಹುದು. ಆ ಮಾತಿನಲ್ಲಿ ಹುರುಳಿಲ್ಲವೆಂದು ಹೊಟ್ಟೆ ತುಂಬಿದವರು ಹೇಳುವುದು ಸುಲಭ. ನಾನು ಹಾಗೆ ಹೇಳಲಾರೆ.

ಆದರೆ ಚೀಲಗಳನ್ನು ಇಳಿಸಿದ ಮೇಲೆ ನಡೆಯುವುದನ್ನು ಗಮನಿಸಬೇಕು. ಮರಳುವಾಗ ವಾಹನವು ಬರಿದಾಗಿ ಬರುವುದಿಲ್ಲ. ಚೀಲಗಳಿದ್ದ ತಗಡಿನ ಮೇಲೆ ಗೋಣಿತಟ್ಟನ್ನು ಹಾಸಿ ಹತ್ತು ಜನ ಕುಳಿತುಕೊಳ್ಳುತ್ತಾರೆ. ಕೆಲವೆಡೆ ಹಲಗೆಯೊಂದನ್ನು ಅಡ್ಡಲಾಗಿ ಜೋಡಿಸಿ ಶಾಲೆಯ ಮಕ್ಕಳನ್ನು ಕೂಡಿಸುವುದೂ ಉಂಟು. ಸರಕಿಗಾಗಿ ಮಾಡಿದ ಜಾಗವು ಹೀಗೆ ಸದ್ದಿಲ್ಲದೆ ಮನುಷ್ಯರ ಜಾಗವಾಗಿಬಿಡುತ್ತದೆ. ನನ್ನ ಆಕ್ಷೇಪವಿರುವುದು ಇಲ್ಲಿ.

ಜಡತ್ವದ ನಿಯಮವನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುವಿರಿ. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನವು ಸೆಕೆಂಡಿಗೆ 15 ಮೀಟರ್ ಸಾಗುತ್ತದೆ. ಅದು ಮರಕ್ಕೆ ಬಡಿದು ಫಕ್ಕನೆ ನಿಂತರೂ ಒಳಗಿರುವ ದೇಹವು ಅದೇ ವೇಗದಿಂದ ಮುಂದೆ ಸಾಗುತ್ತದೆ. ಲೆಕ್ಕ ಹಾಕಿ ನೋಡಿದರೆ, ಆ ವೇಗವು ಸುಮಾರು 11.5 ಮೀಟರ್ ಎತ್ತರದಿಂದ, ಎಂದರೆ ಬೆಳೆದ ತೆಂಗಿನ ಮರದ ಮೇಲಿನಿಂದ, ನೆಲಕ್ಕೆ ಬಿದ್ದಾಗಿನ ವೇಗಕ್ಕೆ ಸಮನಾಗುತ್ತದೆ. ತೆಂಗಿನ ಮರದಿಂದ ಬೀಳುವವನು ಕೈಯೂರಿ ಉಳಿಯುತ್ತೇನೆಂದು ನಂಬುವುದಿಲ್ಲ. ವ್ಯಾನಿನಲ್ಲಿ ಕುಳಿತವನು ಮಾತ್ರ ಮುಂದಿನ ಸರಳನ್ನು ಹಿಡಿದುಕೊಂಡರೆ ಸಾಕೆಂದು ಭಾವಿಸುತ್ತಾನೆ! ಚೀಲಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ. ಹಿಂದಿನ ಸೀಟಿನ ಒರಗು ಇಲ್ಲದಾಗ ಐವತ್ತು ಕಿಲೋಗ್ರಾಂ ತೂಕದ ಚೀಲವು ನೇರವಾಗಿ ಚಾಲಕನ ಬೆನ್ನಿಗೆ ಅಪ್ಪಳಿಸುತ್ತದೆ.

ಎದೆಯನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿದಿಡುವ ಇಂದಿನ ಬೆಲ್ಟನ್ನು 1959ರಲ್ಲಿ ರೂಪಿಸಿದವನು ಸ್ವೀಡನ್ ದೇಶದ ವೋಲ್ವೊ ಸಂಸ್ಥೆಯ ಎಂಜಿನಿಯರ್ ನೀಲ್ಸ್ ಬೋಲಿನ್. ಆ ಸಂಸ್ಥೆಯು ತನ್ನ ಹಕ್ಕುಸ್ವಾಮ್ಯವನ್ನು ಇತರ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಈ ಬೆಲ್ಟು ಮುಂದೆ ಕುಳಿತವರಿಗೆ ಮಾತ್ರವೆಂಬ ಭ್ರಮೆಯು ಬಡವರಲ್ಲಿ ಮಾತ್ರ ಇರುವುದಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಧರಿಸದೆ ಕುಳಿತಿದ್ದು ಮೃತಪಟ್ಟರು. ಮುಂದೆ ಕುಳಿತಿದ್ದ ಇಬ್ಬರು ಗಾಯಗೊಂಡರೂ ಬದುಕಿ ಉಳಿದರು.

ನಮ್ಮ ಸವಣೂರಿನ ದುಃಖವು ಇದಕ್ಕಿಂತ ಹಿರಿದು. 2025ರ ಜನವರಿ 22ರ ನಸುಕಿನಲ್ಲಿ ಹಣ್ಣು ತರಕಾರಿಗಳನ್ನು ತುಂಬಿಕೊಂಡು ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಘಟ್ಟದಲ್ಲಿ ಕಂದಕಕ್ಕೆ ಉರುಳಿತು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ವ್ಯಾಪಾರಿಗಳಿದ್ದರು. ಹತ್ತು ಜನ ಸತ್ತರು. ಅವರಾರೂ ಮೋಜಿಗಾಗಿ ಹೊರಟವರಲ್ಲ. ತಾವು ಮಾರಬೇಕಾದ ಸರಕಿನೊಂದಿಗೆ ತಾವೂ ಸರಕಾಗಿ ಹೊರಟಿದ್ದರು. ಅದು ಸೀಟು ಕಿತ್ತ ಕಾರಲ್ಲ, ನಿಜ. ಆದರೆ ಸರಕಿಗೆ ಜಾಗವಾದರೆ ಸಾಕು, ಮನುಷ್ಯನು ಹೇಗೋ ಕುಳಿತಾನೆಂಬ ಎಣಿಕೆಯು ಎರಡರಲ್ಲಿಯೂ ಒಂದೇ.

ಕಾನೂನು ಇಲ್ಲದೆ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಆಸನಗಳ ಸಂಖ್ಯೆಯೂ ಆ ಪತ್ರದಲ್ಲಿರುತ್ತದೆ. ಆದರೆ ದಂಡದಿಂದಲೇ ಎಲ್ಲವೂ ಸರಿಹೋದೀತೆಂಬ ನಂಬಿಕೆ ನನಗಿಲ್ಲ. ದಂಡ ಕಟ್ಟಿದ ರೈತನು ಮರುದಿನ ಮತ್ತೆ ಅದೇ ವ್ಯಾನಿನಲ್ಲಿ ಸಂತೆಗೆ ಹೋಗಲೇಬೇಕು. ಸರಕು ಲಾರಿಯಲ್ಲಿ ಹೋಗಲಿ, ಅದರ ಒಡೆಯರು ಬಸ್ಸಿನಲ್ಲಿ ಹೋಗಲಿ. ಆದರೆ ಅದಕ್ಕೆ ಸಂತೆಯ ಹೊತ್ತಿಗೆ ಹೊಂದುವ ಬಸ್ಸು ಬೇಕು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೂ ಮಾರುಕಟ್ಟೆ ಸಮಿತಿಗಳೂ ಕೂಡಿ ಯೋಚಿಸಬೇಕಾದ ವಿಷಯವಿದು. ಮಕ್ಕಳನ್ನು ಹಲಗೆಯ ಮೇಲೆ ಕೂಡಿಸುವವರ ವಿಷಯದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ತೋರಲಾರೆ. ಅಲ್ಲಿ ಹಸಿವಿನ ನೆಪವೂ ಇಲ್ಲ.

ಕಿತ್ತ ಸೀಟುಗಳು ಏನಾಗುತ್ತವೆಂದು ಕೇಳುವಿರಾ? ಎಷ್ಟೋ ಮನೆಗಳಲ್ಲಿ ಅವು ಕಟ್ಟೆಯ ಮೇಲೆ ಬಿದ್ದಿರುತ್ತವೆ. ಸಂಜೆ ಅಜ್ಜ ಅದರ ಮೇಲೆ ಕುಳಿತು ಎಲೆ ಅಡಿಕೆ ಮೆಲ್ಲುತ್ತಾನೆ. ಬೆಲ್ಟಿನ ಪಟ್ಟಿಯು ಮೇವಿನ ಹೊರೆ ಕಟ್ಟಲು ಬಳಕೆಯಾಗುತ್ತದೆ. ಬೋಲ್ಟುಗಳು ಕಳೆದಿರದಿದ್ದರೆ ಆ ಸೀಟನ್ನು ಮರಳಿ ಜೋಡಿಸಲು ಬಹಳ ಹೊತ್ತೇನೂ ಹಿಡಿಯದು.