ತಂತಿ ಮಾತು, ಭಾಗ 6: ಸಂಗೀತಕ್ಕೆ ಗಡಿ ಇಲ್ವಂತೆ, ನಮ್ಮ ಕ್ಯಾಂಟೀನಿಗೆ ಇದೆ

(1/5)
ಫೋಟೋದಲ್ಲಿ ಇರೋದು ನನ್ನ ಗಿಟಾರ್. ಐದು ತಂತಿ ಹಳೇದು, ತುಕ್ಕು ಹಿಡಿದಿದೆ. ಕೆಳಗಿನ ಒಂದು ಮಾತ್ರ ಹೊಳೀತಿದೆ ನೋಡಿ. ಅದು ನಂದಲ್ಲ. ನನ್ನ ಪಿಜಿಯ ಕೆಳಗಿನ ಮಹಡಿಯಲ್ಲಿ ಇರೋ ಕಾಂಗೋ ದೇಶದ ಹುಡುಗ ಕೊಟ್ಟಿದ್ದು.

ಫೆಸ್ಟ್‌ಗೆ ಹಿಂದಿನ ರಾತ್ರಿ ಪ್ರಾಕ್ಟೀಸ್ ಮಾಡ್ತಾ ಮೊದಲನೇ ತಂತಿ ಪಟ್ ಅಂತ ಕಿತ್ತೋಯ್ತು. ಹತ್ತೂವರೆ ಗಂಟೆ, ಅಂಗಡಿ ಎಲ್ಲಾ ಬಂದ್. ಮೆಟ್ಟಿಲ ಮೇಲೆ ಕೂತು ಬೈಕೊಳ್ತಿದ್ದೆ. ಅವನು ಬಾಗಿಲು ತೆಗೆದು ನೋಡಿದ, ಒಳಗೆ ಹೋದ, ಒಂದು ಚಿಕ್ಕ ಕವರ್ ತಂದು ಕೈಯಲ್ಲಿಟ್ಟ. ಅವನ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ. ಅವನಿಗೆ ಫ್ರೆಂಚ್, ಲಿಂಗಾಲಾ ಬರುತ್ತೆ, ನನಗೆ ಕನ್ನಡ. ಆದ್ರೆ ಇ ತಂತಿ ಕಿನ್ಶಾಸಾದಲ್ಲೂ ಇ, ಇಲ್ಲೂ ಇ. ಅಷ್ಟು ಸಾಕಾಯ್ತು.

ಎಂಟು ತಿಂಗಳು ಒಂದೇ ಬಿಲ್ಡಿಂಗಲ್ಲಿ ಇದ್ವಿ. ಅವನ ಹತ್ರ ಗಿಟಾರ್ ಇದೆ ಅಂತ ನನಗೆ ಗೊತ್ತಾಗಿದ್ದು ಅವತ್ತು.

(2/5)
ಆಮೇಲೆ ಭಾನುವಾರ ಸಂಜೆ ಕೂರೋದು ಅಭ್ಯಾಸ ಆಯ್ತು. ಅವನು ನನಗೆ ಮೂರೇ ಸ್ವರ ಕೊಟ್ಟ. ಅದನ್ನೇ ಬಾರಿಸ್ತಾ ಇರು, ನಿಲ್ಲಿಸಬೇಡ ಅಂತ ಕೈಸನ್ನೆ. ನಾನು ಲಯ ತಪ್ಪಿದಾಗ ಬೈಯಲಿಲ್ಲ, ಕಾಲಲ್ಲಿ ನೆಲ ಬಡಿದ ಅಷ್ಟೇ. ಇಪ್ಪತ್ತು ನಿಮಿಷ ಆದ್ಮೇಲೆ ಬೆರಳು ಉರೀತಿತ್ತು, ಆದ್ರೆ ಅವನ ಗಿಟಾರ್ ನನ್ನ ಮೂರು ಸ್ವರದ ಮೇಲೆ ಕುಣೀತಿತ್ತು. ಅದನ್ನ ಸೆಬೆನ್ ಅಂತಾರೆ. ಕಾಂಗೋ ರುಂಬಾ ಹಾಡಿನಲ್ಲಿ ಹಾಡುಗಾರ ಸುಮ್ಮನಾಗಿ ಗಿಟಾರ್‌ಗಳು ಓಡೋ ಭಾಗ. ಜನ ಎದ್ದು ಕುಣಿಯೋದೇ ಅಲ್ಲಿ.

ಅವನಿಂದಲೇ ಫ್ರಾಂಕೋ ಹೆಸರು ಗೊತ್ತಾಯ್ತು. ಚಿಕ್ಕ ಹುಡುಗನಾಗಿದ್ದಾಗ ಡಬ್ಬದಲ್ಲಿ ಗಿಟಾರ್ ಮಾಡ್ಕೊಂಡು, ಕರೆಂಟ್ ವೈರ್ ಸುಲಿದು ತಂತಿ ಕಟ್ಟಿದವನು. 1956ರಲ್ಲಿ ಶುರುವಾದ ಓಕೆ ಜಾಝ್ ಅನ್ನೋ ಬ್ಯಾಂಡನ್ನ ಬೆಳೆಸಿ ಇಡೀ ಆಫ್ರಿಕಾವನ್ನೇ ಕುಣಿಸಿದ. ಈ ರುಂಬಾದ ಪ್ರಯಾಣ ಕೇಳಿ: ಗುಲಾಮರಾಗಿ ಹಡಗು ಹತ್ತಿದ ಆಫ್ರಿಕನ್ನರ ಲಯ ಕ್ಯೂಬಾ ಸೇರ್ತು. ಅಲ್ಲಿ ಸ್ಪೇನಿನ ಗಿಟಾರ್ ಜೊತೆ ಬೆರೆತು ಹೊಸ ಹಾಡಾಯ್ತು. 1930ರ ದಶಕದಿಂದ ಆ ಹಾಡುಗಳು ಗ್ರಾಮಫೋನ್ ರೆಕಾರ್ಡಾಗಿ ವಾಪಸ್ ಆಫ್ರಿಕಾಗೆ ಬಂದ್ವು. ಕಾಂಗೋ ಜನ ಕೇಳಿ, ಅರೆ ಇದು ನಮ್ದೇ ಥರ ಇದೆಯಲ್ಲ ಅಂತ ಗಿಟಾರ್ ಎತ್ಕೊಂಡ್ರು. 2021ರಲ್ಲಿ ಯುನೆಸ್ಕೋ ಕಾಂಗೋ ರುಂಬಾವನ್ನ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಬ್ಯಾಂಡ್‌ಗಳಲ್ಲಿ ಲೀಡ್ ಗಿಟಾರ್, ರಿದಮ್ ಗಿಟಾರ್ ಎರಡರ ಮಧ್ಯೆ ಇನ್ನೊಂದು ಇರುತ್ತೆ. ಮಿ-ಸೊಲೋ ಅಂತ ಹೆಸರು. ಇಬ್ಬರನ್ನೂ ಕೇಳಿಸ್ಕೊಂಡು ಮಧ್ಯದ ಜಾಗ ತುಂಬೋದು ಅದರ ಕೆಲಸ. ನಾನು ಅಜ್ಜಿ ಹೇಳ್ತಿದ್ದ ಬೀಸುವ ಪದದ ಧಾಟಿ ಬಾರಿಸಿದಾಗ ಅವನು ಮಾಡಿದ್ದು ಅದೇ. ರಾಗ ಗೊತ್ತಿಲ್ಲ, ಸಾಹಿತ್ಯ ಗೊತ್ತಿಲ್ಲ. ಎರಡು ಸುತ್ತು ಸುಮ್ನೆ ಕೇಳಿದ. ಮೂರನೇ ಸುತ್ತಿಗೆ ಬೀಸುಕಲ್ಲು ತಿರುಗೋ ಜಾಗ ಸರಿಯಾಗಿ ಹಿಡಿದ. ನನಗೆ ಮೈ ಜುಂ ಅಂತು.

(3/5)
ಇಲ್ಲಿಗೆ ನಿಲ್ಲಿಸಿ "ಸಂಗೀತಕ್ಕೆ ಗಡಿ ಇಲ್ಲ" ಅಂತ ಬರೆದ್ರೆ ಲೈಕ್ ಜಾಸ್ತಿ ಬರುತ್ತೆ. ಆದ್ರೆ ಅದು ಸುಳ್ಳು.

ಗಡಿ ಇದೆ. 1996ರಲ್ಲಿ ಮಾಲಿ ದೇಶದ ವಾದಕರನ್ನ ಕ್ಯೂಬಾದವರ ಜೊತೆ ಕೂರಿಸಿ ಹವಾನಾದಲ್ಲಿ ಒಂದು ಆಲ್ಬಂ ಮಾಡೋ ಪ್ಲಾನ್ ಇತ್ತು. ಪ್ರಯಾಣದ ಕಾಗದಪತ್ರದ ತೊಂದರೆಯಿಂದ ಮಾಲಿಯವರು ಬರೋಕೇ ಆಗ್ಲಿಲ್ಲ. ಬುಕ್ ಆಗಿದ್ದ ಸ್ಟುಡಿಯೋದಲ್ಲಿ ಅಲ್ಲಿನವರೇ ಕೂತು ಮಾಡಿದ್ದು ಬ್ಯುಯೆನಾ ವಿಸ್ತಾ ಸೋಷಿಯಲ್ ಕ್ಲಬ್. ಅದು ಜಗತ್ಪ್ರಸಿದ್ಧ ಆಯ್ತು. ಮೊದಲು ಅಂದ್ಕೊಂಡಿದ್ದ ಆಲ್ಬಂ, ಮಾಲಿಯ ಗಿಟಾರ್ ವಾದಕ ಜೆಲಿಮಾದಿ ತುಂಕಾರಾ, ಕ್ಯೂಬಾದ ಎಲಿಯಾದೆಸ್ ಒಚೋವಾ ಒಟ್ಟಿಗೆ ಬಾರಿಸಿದ 'ಆಫ್ರೋಕ್ಯೂಬಿಸಂ', ಹೊರಗೆ ಬಂದಿದ್ದು 2010ರಲ್ಲಿ. 14 ವರ್ಷ! ಸ್ವರ ಹೊಂದಿಸೋಕಲ್ಲ, ಮನುಷ್ಯರು ಒಂದು ಕೋಣೆ ಸೇರೋಕೆ.

ಅಂದ್ರೆ ಕಷ್ಟ ಸಂಗೀತದಲ್ಲಿಲ್ಲ. ಒಂದೇ ಕೋಣೆಯಲ್ಲಿ ಕೂರೋದ್ರಲ್ಲಿದೆ. ಕೂತ್ರೆ ಆಗುತ್ತೆ. ಜೈಪುರದ ವಿಶ್ವಮೋಹನ ಭಟ್ಟರು ಮತ್ತು ಅಮೆರಿಕದ ರೈ ಕೂಡರ್ 'ಎ ಮೀಟಿಂಗ್ ಬೈ ದ ರಿವರ್' ರೆಕಾರ್ಡ್ ಮಾಡೋ ಮುಂಚೆ ಅವರಿಗೆ ಒಂದು ಗಂಟೆಯ ಪರಿಚಯವೂ ಇರಲಿಲ್ಲ. ಒಬ್ಬರ ಕೈಯಲ್ಲಿ ಇಪ್ಪತ್ತು ತಂತಿಯ ಮೋಹನವೀಣೆ, ಇನ್ನೊಬ್ಬರ ಕೈಯಲ್ಲಿ ಸ್ಲೈಡ್ ಗಿಟಾರ್. 1994ರಲ್ಲಿ ಗ್ರ್ಯಾಮಿ ಬಂತು. ಕೇಳಿ ನೋಡಿ: ಒಬ್ಬರು ಮುಂದೆ ಬಂದಾಗ ಇನ್ನೊಬ್ಬರು ಜಾಗ ಬಿಡ್ತಾರೆ.

(4/5)
ನಮ್ಮಲ್ಲಿ ಎರಡು ಥರ ಮಾತಿದೆ. ಮನೆಯಲ್ಲಿ, "ಗಿಟಾರ್ ಯಾಕೋ, ಅದು ನಮ್ದಲ್ಲ". ಫ್ರೆಂಡ್ಸ್ ಗುಂಪಲ್ಲಿ, "ಇಂಪೋರ್ಟೆಡ್ ಇಲ್ದಿದ್ರೆ ಅದು ಗಿಟಾರೇ ಅಲ್ಲ". ಇಬ್ಬರಿಗೂ ಒಂದು ವಿಷಯ ಹೇಳ್ತೀನಿ. ಅಮೆರಿಕದ ಮಾರ್ಟಿನ್ ಕಂಪನಿ ಗಿಟಾರ್‌ಗಳ ಬೆನ್ನಿಗೆ ಬ್ರೆಜಿಲ್ ಮರ ಬಳಸ್ತಿತ್ತು. ಅದು ಸಿಗೋದು ಕಷ್ಟ ಆದಾಗ 1969ರಲ್ಲಿ ಇಂಡಿಯನ್ ರೋಸ್‌ವುಡ್‌ಗೆ ಬದಲಾಯಿಸಿತು. ಇಂಡಿಯನ್ ರೋಸ್‌ವುಡ್ ಅಂದ್ರೆ ಬೇರೆ ಏನಲ್ಲ, ಬೀಟೆ. ಪಶ್ಚಿಮ ಘಟ್ಟದ ಮರ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದಲ್ಲಿ ನೆರಳಿಗೆ ನಿಂತಿರುತ್ತಲ್ಲ, ಅದೇ.

2017ರಲ್ಲಿ ಸೈಟಿಸ್ ಒಪ್ಪಂದದಡಿ ರೋಸ್‌ವುಡ್ ಜಾತಿಗಳ ಮೇಲೆಲ್ಲ ನಿಯಂತ್ರಣ ಬಂದಾಗ ಇಡೀ ಪ್ರಪಂಚದ ಗಿಟಾರ್‌ನವರು ತಲೆ ಕೆಡಿಸ್ಕೊಂಡ್ರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯ್ತಿ ಸಿಕ್ತು. ಎಲ್ಲೋ ಅಮೆರಿಕದ ಹುಡುಗಿ ತಬ್ಬಿಕೊಂಡು ಬಾರಿಸೋ ಗಿಟಾರಿನ ಬೆನ್ನು ನಮ್ಮ ಮಲೆನಾಡಿನ ಮಳೆ ಕುಡಿದು ಬೆಳೆದಿರಬಹುದು. ಆಕಾರ ಸ್ಪೇನಿಂದು, ಮರ ನಮ್ಮ ಘಟ್ಟದ್ದು, ಕುಣಿತ ಕಾಂಗೋದ್ದು. ಈಗ ಹೇಳಿ, ಗಿಟಾರ್ ಯಾರ್ದು?

(5/5)
ಈಗ ನಾನು ಮುಂದೂಡ್ತಾ ಬಂದ ವಿಷಯ.

ಅವನು ಕ್ಯಾಂಟೀನಿಗೆ ಬಂದಾಗ ಒಂದು ಟೇಬಲ್ಲಿಂದ ಯಾವಾಗ್ಲೂ ಒಂದು ಪದ ಬರ್ತಿತ್ತು. ಯಾವ ಪದ ಅಂತ ನಿಮಗೆ ಗೊತ್ತು. ಎಲ್ಲರೂ ನಗ್ತಿದ್ರು. ನಾನೂ ನಕ್ಕಿದ್ದೀನಿ. ಒಂದಲ್ಲ, ತುಂಬಾ ಸಲ. ಅವನಿಗೆ ಕನ್ನಡ ಬರಲ್ಲ, ಅರ್ಥ ಆಗಲ್ಲ ಅನ್ಕೊಂಡಿದ್ದೆ. ಆ ಪದಕ್ಕೆ ಕನ್ನಡ ಬೇಕಿಲ್ಲ. ನನಗೆ ತಂತಿ ಕೊಟ್ಟಾಗ ಅವನಿಗೆ ನನ್ನ ಮುಖ ನೆನಪಿತ್ತಾ ಅಂತ ಇವತ್ತಿಗೂ ಕೇಳೋ ಧೈರ್ಯ ಬಂದಿಲ್ಲ.

ನೀವು ಕೇಳಬಹುದು, ಗಿಟಾರ್ ಬಾರಿಸಿದ್ರೆ ಇದೆಲ್ಲ ಸರಿಹೋಗುತ್ತಾ? ಹೋಗಲ್ಲ. ಕಳೆದ ತಿಂಗಳು ಅವನು ಬೇರೆ ರೂಮ್ ಹುಡುಕಿದ. ಫೋನಲ್ಲಿ ಖಾಲಿ ಇದೆ ಅಂದವರು ಮುಖ ನೋಡಿ ಕೊಟ್ಟಾಯ್ತು ಅಂದ್ರು. ಒಂದೇ ದಿನ ಮೂರು ಕಡೆ. ನಾನು ಪಕ್ಕದಲ್ಲೇ ಇದ್ದೆ. ಅಲ್ಲಿ ಯಾವ ಸೆಬೆನ್ ಕೂಡ ಉಪಯೋಗಕ್ಕೆ ಬರಲಿಲ್ಲ.

ನನ್ನನ್ನ ಜಾಸ್ತಿ ಕಾಡೋದು ಇನ್ನೊಂದು ಪ್ರಶ್ನೆ. ಅವನಿಗೆ ಗಿಟಾರ್ ಬರದೇ ಇದ್ದಿದ್ರೆ? ನನ್ನ ತಂತಿ ಅವತ್ತು ಕಿತ್ತೋಗದೇ ಇದ್ದಿದ್ರೆ? ಇವತ್ತೂ ನಾನು ಆ ಟೇಬಲ್ಲಲ್ಲೇ ಕೂತು ನಗ್ತಾ ಇರ್ತಿದ್ದೆ. ಪಕ್ಕದಲ್ಲಿ ಕೂರೋಕೆ ಒಬ್ಬ ಮನುಷ್ಯ ಚೆನ್ನಾಗಿ ಗಿಟಾರ್ ಬಾರಿಸಬೇಕು ಅನ್ನೋದು ಯಾವ ನ್ಯಾಯ? ನಮಗೆ ಯಾರಾದ್ರೂ ಇಂಥ ಎಂಟ್ರೆನ್ಸ್ ಟೆಸ್ಟ್ ಇಟ್ಟಿದ್ರಾ?

ಅದಕ್ಕೆ ನನ್ನ ಅಭಿಪ್ರಾಯ ಇಷ್ಟೇ. ದೇಶ ದೇಶದ ಗಿಟಾರ್ ಪ್ರಿಯರು ಒಂದಾಗೋ ರೀಲ್‌ಗೆ ಹಾರ್ಟ್ ಹಾಕಿ, ನಾನೂ ಹಾಕ್ತೀನಿ. ಆದ್ರೆ ನಾಳೆ ಕ್ಯಾಂಟೀನಲ್ಲಿ ಆ ಪದ ಬಂದಾಗ ನಗಬೇಡಿ. ಆಗುತ್ತೆ ಅಂದ್ರೆ ಎದ್ದು ಹೋಗಿ ಆ ಖಾಲಿ ಕುರ್ಚಿಲಿ ಕೂತ್ಕೊಳ್ಳಿ. ಗಿಟಾರ್ ತರೋದು ಬೇಡ. ಎರಡು ಸುತ್ತು ಸುಮ್ನೆ ಕೇಳಿಸ್ಕೊಂಡ್ರೆ ಸಾಕು, ಮೂರನೇ ಸುತ್ತಿಗೆ ನಮ್ಮ ಜಾಗ ಸಿಗುತ್ತೆ.

ಆ ಟೇಬಲ್ಲಿನವರಿಗೂ ಇದು ತಲುಪುತ್ತೆ ಅಂತ ಗೊತ್ತು, ನೀವೆಲ್ಲ ಫಾಲೋ ಮಾಡ್ತೀರಿ. ಕೋಪ ಬಂದ್ರೆ ಕಾಮೆಂಟಲ್ಲಿ ಬೈಯಿರಿ. ಭಾನುವಾರ ಸಂಜೆ ಬಂದ್ರೆ ಇನ್ನೂ ಖುಷಿ. ಚಾಪೆ ದೊಡ್ಡದಿದೆ.

#ತಂತಿಮಾತು #ಗಿಟಾರ್ #ಕಾಂಗೋರುಂಬಾ #ಬೀಟೆ #ಪಕ್ಕದಕುರ್ಚಿ